ಮೂರು ಸಾವಿರ ಜನವೂ ಇಲ್ಲದ ನಾಡಿಗೆ ತನ್ನದೇ ಆಡಳಿತ ಏಕೆ?

ಪ್ರಶ್ನೆ: ನನ್ನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕಾರುಗಳ ಬ್ರೇಕಿಗೆ ಸಂಬಂಧಿಸಿದ ತಂತ್ರಾಂಶದ ಕೆಲಸ ಮಾಡುತ್ತಾನೆ. ಕಳೆದ ಚಳಿಗಾಲದಲ್ಲಿ ಪರೀಕ್ಷೆಗೆಂದು ಕೆಲವು ವಾರ ಉತ್ತರ ಸ್ವೀಡನ್ನಿನ ಅರ್ಜೆಪ್ಲಾಗ್ ಎಂಬಲ್ಲಿಗೆ ಹೋಗಿದ್ದ. ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು ವಿಸ್ತಾರವಾದ ಆ ಮುನಿಸಿಪಾಲಿಟಿಯಲ್ಲಿ ಮೂರು ಸಾವಿರ ಜನವೂ ಇಲ್ಲವೆಂದು ಹೇಳುತ್ತಾನೆ. ಇಷ್ಟು ಕಡಿಮೆ ಜನಕ್ಕೆ ಪ್ರತ್ಯೇಕ ಸ್ಥಳೀಯ ಆಡಳಿತ ಏಕೆ? ಶಾಲೆ, ಚಿಕಿತ್ಸೆಗಳಿಗೆ ಹಣ ಎಲ್ಲಿಂದ ಬರುತ್ತದೆ? ಅಷ್ಟೊಂದು ಭೂಮಿಯನ್ನು ಖಾಲಿ ಬಿಟ್ಟಿರುವುದಾದರೂ ಏಕೆ?

ಉತ್ತರ: ತಾವು ಅರ್ಜೆಪ್ಲಾಗ್ ಎಂದು ಬರೆದಿರುವ ಊರನ್ನು ಅಲ್ಲಿಯವರು ಆರ್ಯೆಪ್ಲೂಗ್ ಎಂದು ಕರೆಯುತ್ತಾರೆ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬಾಯಲ್ಲಿ ಅದು ಆರ್ಯೆಪ್ಲುವ್ವೆ. ತಮ್ಮ ಮಗ ಕೊಟ್ಟಿರುವ ಲೆಕ್ಕ ಸರಿಯಾಗಿದೆ. ನೀರಿನ ಹರವೂ ಸೇರಿದರೆ ಈ ಆಡಳಿತ ಪ್ರದೇಶದ ವಿಸ್ತೀರ್ಣ 14,000 ಚದರ ಕಿಲೋಮೀಟರಿಗೂ ಹೆಚ್ಚು. ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿ ಸುಮಾರು 13,400 ಚದರ ಕಿಲೋಮೀಟರ್ ಇದ್ದು, 2011ರ ಜನಗಣತಿಯ ಹೊತ್ತಿಗೆ ಅಲ್ಲಿ 48 ಲಕ್ಷದಷ್ಟು ಜನರಿದ್ದರು. ಆರ್ಯೆಪ್ಲೂಗಿನಲ್ಲಿ ಇರುವವರು ಸುಮಾರು 2,700 ಮಂದಿ. ಸರೋವರಗಳನ್ನು ಬಿಟ್ಟು ಒಣನೆಲವನ್ನು ಮಾತ್ರ ಹಂಚಿದರೂ ನಾಲ್ಕೂವರೆ ಚದರ ಕಿಲೋಮೀಟರಿಗೆ ಒಬ್ಬರು ಬರುತ್ತಾರೆ. ಅವರಲ್ಲೂ ಸುಮಾರು 1,800 ಜನ ಹೂರ್ನಾವನ್ ಮತ್ತು ಉದ್ಯೌರ್ ಎಂಬ ಎರಡು ದೊಡ್ಡ ಸರೋವರಗಳ ನಡುವಿನ ಆರ್ಯೆಪ್ಲೂಗ್ ಪಟ್ಟಣದಲ್ಲೇ ಇದ್ದಾರೆ. ಉಳಿದ ಕಾಡು, ಬೆಟ್ಟ, ಕಣಿವೆಗಳಲ್ಲೆಲ್ಲ ಹಬ್ಬಿಕೊಂಡಿರುವವರು ನಮ್ಮ ಒಂದು ಸಣ್ಣ ಹಳ್ಳಿಯಷ್ಟು ಜನ.

ಸ್ವೀಡನ್ನಿನ ಅಧಿಕೃತ ವರ್ಗೀಕರಣವೊಂದರ ಪ್ರಕಾರ, ಮೂರು ಸಾವಿರಕ್ಕಿಂತ ಹೆಚ್ಚು ಜನರಿರುವ ಊರನ್ನು ಮುಟ್ಟಲು ಕಾರಿನಲ್ಲಿ ನಲವತ್ತೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾಗುವ ಪ್ರದೇಶವನ್ನು ವಿರಳ ವಸತಿಯ ನಾಡು ಎನ್ನುತ್ತಾರೆ. ಆರ್ಯೆಪ್ಲೂಗ್ ಪಟ್ಟಣಕ್ಕೆ ಹತ್ತಿರದ ಅಂಥ ಊರು ಆರ್ವಿದ್ಸ್‌ಯೌರ್. ಅದೇ 85 ಕಿಲೋಮೀಟರ್ ದೂರದಲ್ಲಿದೆ. ಹಾಗಾಗಿ ಈ ಅಳತೆಯಲ್ಲಿ ಹಳ್ಳಿಗಾಡಷ್ಟೇ ಏಕೆ, ಕೇಂದ್ರ ಪಟ್ಟಣವೂ ವಿರಳ ವಸತಿಯೇ ಆಗುತ್ತದೆ.

ಪ್ರತ್ಯೇಕ ಆಡಳಿತ ಏಕೆ ಎಂಬ ಮೊದಲ ಪ್ರಶ್ನೆಗೆ ಬರುತ್ತೇನೆ. ಸ್ವೀಡನ್ನಿನಲ್ಲಿ 290 ಕಮ್ಯೂನ್‌ಗಳಿವೆ. ಈ ಪದವನ್ನು ನಾವು ಮುನಿಸಿಪಾಲಿಟಿ ಎಂದು ಅನುವಾದಿಸಿದ ಕೂಡಲೇ ನಮ್ಮ ಪುರಸಭೆಯ ಚಿತ್ರ ಕಣ್ಣ ಮುಂದೆ ಬರುತ್ತದೆ, ತೊಡಕು ಶುರುವಾಗುವುದೂ ಅಲ್ಲಿಂದಲೇ. ಕಮ್ಯೂನ್ ಪಟ್ಟಣಕ್ಕೆ ಮಾತ್ರ ಸೀಮಿತವಾದ ಸಂಸ್ಥೆಯಲ್ಲ. ಕಾಡು ಬೆಟ್ಟಗಳೂ ಸೇರಿ ದೇಶದ ಪ್ರತಿಯೊಂದು ಅಂಗುಲವೂ ಯಾವುದಾದರೊಂದು ಕಮ್ಯೂನಿಗೆ ಸೇರಿರುತ್ತದೆ. ಶಿಶುವಿಹಾರ, ಶಾಲೆ, ವೃದ್ಧರ ಆರೈಕೆ, ಸಾಮಾಜಿಕ ನೆರವು, ಕುಡಿಯುವ ನೀರು, ಒಳಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ, ಭೂಬಳಕೆಯ ಯೋಜನೆ ಇವೆಲ್ಲವೂ ಅದರ ಹೊಣೆ. ಸ್ಟಾಕ್‌ಹೋಮ್ ನಗರಕ್ಕೆ ಕಾನೂನು ಯಾವ ಕರ್ತವ್ಯಗಳನ್ನು ವಿಧಿಸಿದೆಯೋ ಹೆಚ್ಚುಕಡಿಮೆ ಅವೇ ಕರ್ತವ್ಯಗಳು ಆರ್ಯೆಪ್ಲೂಗಿಗೂ ಇವೆ. ನಾಲ್ಕು ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಎರಡನೆಯ ಭಾನುವಾರ, ಸಂಸತ್ತಿನ ಚುನಾವಣೆಯ ದಿನವೇ ಕಮ್ಯೂನಿನ ಸಭೆಗೂ ಚುನಾವಣೆ ನಡೆಯುತ್ತದೆ. ಮೂರು ವರ್ಷ ನೆಲೆಸಿರುವ ವಿದೇಶಿ ಪ್ರಜೆಗಳಿಗೂ ಅದರಲ್ಲಿ ಮತವಿದೆ.

ಸಣ್ಣವನ್ನೆಲ್ಲ ಒಟ್ಟುಗೂಡಿಸಬಾರದಿತ್ತೇ ಎಂದು ತಾವು ಕೇಳಬಹುದು. ಸ್ವೀಡನ್ ಆ ಕೆಲಸವನ್ನು ಬಹಳ ದೊಡ್ಡ ಪ್ರಮಾಣದಲ್ಲೇ ಮಾಡಿದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದ ಸ್ಥಳೀಯ ಆಡಳಿತಗಳನ್ನು 1952ರಲ್ಲಿ ಒಮ್ಮೆ, ಆಮೇಲೆ 1974ರ ವೇಳೆಗೆ ಮತ್ತೊಮ್ಮೆ ವಿಲೀನಗೊಳಿಸಿ 280ರ ಆಸುಪಾಸಿಗೆ ಇಳಿಸಲಾಯಿತು. ಒಂದು ಕಮ್ಯೂನಿನಲ್ಲಿ ಕನಿಷ್ಠ 8,000 ಜನರಿರಬೇಕೆಂಬುದು ಎರಡನೆಯ ಸುತ್ತಿನ ಗುರಿಯಾಗಿತ್ತು. ಉತ್ತರದ ಬೆಟ್ಟನಾಡಿಗೆ ಬಂದಾಗ ಆ ಗುರಿ ಕೈಬಿಡಬೇಕಾಯಿತು. ಜನಸಂಖ್ಯೆಯನ್ನು ಕೂಡಿಸಬಹುದು, ದೂರವನ್ನು ಕಳೆಯಲಾಗುವುದಿಲ್ಲ. ಆರ್ಯೆಪ್ಲೂಗನ್ನು ಪಕ್ಕದ ಆರ್ವಿದ್ಸ್‌ಯೌರಿಗೆ ಸೇರಿಸಿದರೆ ನಾರ್ವೆಯ ಗಡಿಯ ಹತ್ತಿರದ ಒಂದು ಮನೆಯವರು ಕಚೇರಿಗೆ ಹೋಗಿಬರಲು ಒಂದು ಇಡೀ ದಿನ ಮುಡಿಪಿಡಬೇಕಾಗುತ್ತದೆ. ಶಾಲೆಯನ್ನಾಗಲಿ ವೃದ್ಧರ ಮನೆಗೆ ಹೋಗುವ ಆರೈಕೆಯವರನ್ನಾಗಲಿ ಅದರಿಂದ ಕಡಿಮೆ ಮಾಡಲಾಗುವುದಿಲ್ಲ. ಉಳಿತಾಯವಾಗುವುದು ಕೆಲವು ಅಧಿಕಾರಿಗಳ ಸಂಬಳ, ಕಳೆದುಹೋಗುವುದು ತಮ್ಮ ನಾಡಿನ ಬಗ್ಗೆ ತಾವೇ ತೀರ್ಮಾನಿಸುವ ಹಕ್ಕು. ಈ ವ್ಯಾಪಾರ ಲಾಭದ್ದಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಇನ್ನು ಹಣದ ವಿಷಯ. ಸ್ವೀಡನ್ನಿನಲ್ಲಿ ಆದಾಯ ತೆರಿಗೆ ಮುಖ್ಯವಾಗಿ ಸ್ಥಳೀಯ ತೆರಿಗೆ. ಸಾಮಾನ್ಯ ಸಂಬಳದವರು ತಮ್ಮ ಆದಾಯದ ಸುಮಾರು ಮೂರನೇ ಒಂದು ಪಾಲನ್ನು ಕಮ್ಯೂನಿಗೂ ಅದರ ಮೇಲಿನ ಹಂತವಾದ ರೀಜನ್‌ಗೂ ಕಟ್ಟುತ್ತಾರೆ. ಕೇಂದ್ರ ಸರ್ಕಾರದ ಆದಾಯ ತೆರಿಗೆ ಬೀಳುವುದು ಹೆಚ್ಚು ಸಂಬಳದವರಿಗೆ ಮಾತ್ರ. ತೆರಿಗೆಯ ದರವನ್ನು ಕಮ್ಯೂನಿನ ಚುನಾಯಿತ ಸಭೆಯೇ ನಿಗದಿ ಮಾಡುತ್ತದೆ, ಮತ್ತು ಈ ಅಧಿಕಾರಕ್ಕೆ ಸಂವಿಧಾನದ ರಕ್ಷಣೆಯಿದೆ. ಆದರೆ 2,700 ಜನರ ತೆರಿಗೆಯಿಂದ ಬೆಳಗಾವಿಯಷ್ಟು ದೊಡ್ಡ ನೆಲದ ಸೇವೆಗಳನ್ನು ನಡೆಸಲು ಸಾಧ್ಯವಿಲ್ಲ. ಅದಕ್ಕಾಗಿ ಸಮೀಕರಣವೆಂಬ ವ್ಯವಸ್ಥೆಯಿದೆ. ತೆರಿಗೆಯ ಆದಾಯ ರಾಷ್ಟ್ರದ ಸರಾಸರಿಗಿಂತ ಕಡಿಮೆ ಇರುವ ಕಮ್ಯೂನಿಗೆ ಹಣ ಹರಿದುಬರುತ್ತದೆ. ಸ್ಟಾಕ್‌ಹೋಮ್ ಪಕ್ಕದ ಡಾಂಡೆರೂಡ್‌ನಂಥ ಸಿರಿವಂತ ಕಮ್ಯೂನ್‌ಗಳಿಂದ ಹಣ ಹೊರಹರಿಯುತ್ತದೆ. ಇದರ ಜೊತೆಗೆ, ವೃದ್ಧರ ಪ್ರಮಾಣವೆಷ್ಟು, ಮಕ್ಕಳೆಷ್ಟು, ವಸತಿ ಎಷ್ಟು ಚದುರಿದೆ ಎಂಬ ಸಂಗತಿಗಳನ್ನು ಲೆಕ್ಕಹಾಕಿ, ಆಡಳಿತದ ತಪ್ಪಿನಿಂದಲ್ಲದೆ ನೆಲದ ಸ್ವರೂಪದಿಂದಲೇ ಉಂಟಾಗುವ ಹೆಚ್ಚುವರಿ ವೆಚ್ಚವನ್ನು ತುಂಬಿಕೊಡಲಾಗುತ್ತದೆ. ಇದನ್ನು ದಾನ ಎನ್ನುವವರು ಸ್ವೀಡನ್ನಿನಲ್ಲೂ ಇದ್ದಾರೆ. ಆ ಮಾತನ್ನು ನಾನೇಕೆ ಒಪ್ಪುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ದಿನನಿತ್ಯದ ಬದುಕು ಹೇಗೆ ನಡೆಯುತ್ತದೆ ಎಂಬುದನ್ನು ಚುಟುಕಾಗಿ ಹೇಳಬಹುದು. ದೂರದ ಮನೆಗಳ ಮಕ್ಕಳನ್ನು ಶಾಲೆಗೆ ಕರೆತರುವ ವಾಹನ ಉಚಿತ, ಮತ್ತು ಅದನ್ನು ಒದಗಿಸುವುದು ಕಮ್ಯೂನಿನ ಕಾನೂನುಬದ್ಧ ಹೊಣೆ. ನಮ್ಮ ಪಿಯುಸಿಗೆ ಸಮನಾದ ಹಂತದ ಶಿಕ್ಷಣಕ್ಕೆ ಬಂದಾಗ ಇಂಥ ಕಮ್ಯೂನ್‌ಗಳ ಎಷ್ಟೋ ಮಕ್ಕಳು ಹದಿನಾರನೆಯ ವಯಸ್ಸಿಗೇ ಮನೆ ಬಿಟ್ಟು ಬೇರೆ ಊರಿನಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಹಾಗೆ ಹೋದವರಲ್ಲಿ ಹಲವರು ಮರಳುವುದಿಲ್ಲ. ಆರೋಗ್ಯ ಸೇವೆ ರೀಜನ್ನಿನ ಹೊಣೆ. ಪಟ್ಟಣದಲ್ಲಿ ಆರೋಗ್ಯ ಕೇಂದ್ರವಿದೆ, ಆದರೆ ಪೂರ್ಣ ಪ್ರಮಾಣದ ದೊಡ್ಡ ಆಸ್ಪತ್ರೆ ಇರುವುದು ಕರಾವಳಿಯ ಲೂಲಿಯೊ ನಗರದ ಬಳಿ, 200 ಕಿಲೋಮೀಟರಿಗೂ ಆಚೆ. ತುಂಬುಗರ್ಭಿಣಿಯರಿಗೆ, ಹೃದಯಾಘಾತವಾದವರಿಗೆ ಆ ದೂರ ಏನೆಂಬುದನ್ನು ವಿವರಿಸಬೇಕಿಲ್ಲ. ಬೆಂಕಿ ಆರಿಸುವವರಲ್ಲಿ ಬಹುಪಾಲು ಜನ ಬೇರೆ ಉದ್ಯೋಗವಿದ್ದು, ಕರೆ ಬಂದಾಗ ಕೈಲಿದ್ದುದನ್ನು ಬಿಟ್ಟು ಓಡಿಬರುವವರು. ಬೆಟ್ಟಗಳಲ್ಲಿ ದಾರಿತಪ್ಪಿದವರನ್ನು ಹುಡುಕುವ ತಂಡಗಳಲ್ಲಿರುವವರೂ ಪೊಲೀಸರಿಂದ ತರಬೇತಿ ಪಡೆದ ಸ್ಥಳೀಯರೇ. ಹಳ್ಳಿಯಲ್ಲಿ ಉಳಿದಿರುವ ಒಂದೇ ದಿನಸಿ ಅಂಗಡಿಗೆ ಸರ್ಕಾರದ ಸಹಾಯಧನವಿದೆ. ಅಂಚೆಯ ಪಾರ್ಸೆಲ್ಲೂ ಔಷಧಿಯ ಪೊಟ್ಟಣವೂ ಜನರ ಕೈಸೇರುವುದು ಆ ಅಂಗಡಿಯಲ್ಲೇ.

ಇನ್ನು ತಾವು ಬಳಸಿರುವ ‘ಖಾಲಿ’ ಎಂಬ ಪದ. ತಮ್ಮ ಪ್ರಶ್ನೆಯ ಮುಖ್ಯವಾದ ಭಾಗವೇ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ಆ ನೆಲ ಖಾಲಿಯಾಗಿಲ್ಲ. ಹಿಮಯುಗದ ಹಿಮಗಡ್ಡೆಗಳು ಕರಗಿದ ಕೆಲವೇ ಶತಮಾನಗಳಲ್ಲಿ ಮನುಷ್ಯರು ಅಲ್ಲಿಗೆ ಬಂದಿದ್ದರು; ಒಂಬತ್ತು ಸಾವಿರ ವರ್ಷಕ್ಕೂ ಹಿಂದಿನ ಬಿಡಾರಗಳ ಕುರುಹುಗಳು ಆರ್ಯೆಪ್ಲೂಗಿನಲ್ಲಿ ಸಿಕ್ಕಿವೆ. ಸಾಮಿ ಜನರ ಹಿಮಸಾರಂಗ ಪಾಲನೆ ಅಲ್ಲಿ ಇಂದಿಗೂ ಜೀವಂತವಾಗಿದೆ. ಲುವೊಕ್ತಾ-ಮಾವಸ್, ಸೆಮಿಸ್ಯೌರ್-ನ್ಯಾರ್ಗ್ ಎಂಬ ಸಾಮೆಬೀಗಳ ಮಂದೆಗಳು ಬೇಸಗೆಯಲ್ಲಿ ನಾರ್ವೆಯ ಗಡಿಯ ಎತ್ತರದ ಬೆಟ್ಟಗಳಲ್ಲಿರುತ್ತವೆ. ಸಾಮೆಬೀ ಎಂದರೆ ಅಕ್ಷರಶಃ ಸಾಮಿ ಹಳ್ಳಿ, ಆದರೆ ಅದು ಮನೆಗಳ ಗುಂಪಲ್ಲ. ಒಂದು ಗೊತ್ತಾದ ಮೇವಿನ ಪ್ರದೇಶವನ್ನು ಒಟ್ಟಾಗಿ ಬಳಸುವ ಕುಟುಂಬಗಳ ಕಾನೂನುಬದ್ಧ ಸಂಘ. ಮೇ ತಿಂಗಳಲ್ಲಿ ಬೆಟ್ಟದ ತಪ್ಪಲುಗಳಲ್ಲಿ ಸಾರಂಗಗಳು ಈಯುತ್ತವೆ. ಜೂನ್ ಕೊನೆ, ಜುಲೈ ತಿಂಗಳ ಬೆಳಕು ಮಾಸದ ರಾತ್ರಿಗಳಲ್ಲಿ ಮರಿಗಳನ್ನು ಹಿಡಿದು ಕಿವಿಯ ಅಂಚನ್ನು ಕುಟುಂಬದ ಗುರುತಿನಂತೆ ಕೊಯ್ಯುತ್ತಾರೆ. ಚಳಿಗಾಲ ಹತ್ತಿರವಾದಂತೆ ಮಂದೆಯನ್ನು ಪೂರ್ವದ ಪೈನ್ ಕಾಡುಗಳ ಕಡೆಗೆ, ನೂರಾರು ಕಿಲೋಮೀಟರ್ ದೂರ ಹೊಡೆದುಕೊಂಡು ಹೋಗಿ, ಏಪ್ರಿಲ್ ಹೊತ್ತಿಗೆ ಮತ್ತೆ ಬೆಟ್ಟದ ಕಡೆಗೆ ಕರೆತರುತ್ತಾರೆ.

ಚಳಿಗಾಲದಲ್ಲಿ ಹಿಮದಡಿ ಸಾರಂಗ ಗೊರಸಿನಿಂದ ಕೆದರಿ ತಿನ್ನುವುದು ನೆಲದ ಕಲ್ಲುಹೂವನ್ನು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬದಲ್ಲಿರುವ ಕಲ್ಲುಹೂವಿಗೆ ಇದು ದೂರದ ನೆಂಟ. ಎರಡೂ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿಗಳು. ಸಾರಂಗದ ಮೇವಿನ ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ. ಒಮ್ಮೆ ಮೇಯ್ದ ಜಾಗ ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕಾಗಬಹುದು. ಒಂದು ಮಂದೆಗೆ ಅಷ್ಟು ದೊಡ್ಡ ಪ್ರದೇಶ ಬೇಕಾಗುವುದಕ್ಕೆ ಇದೇ ಕಾರಣ. ಜನರಿಲ್ಲದೆ ಬಿದ್ದಿರುವಂತೆ ಹೊರಗಿನವರಿಗೆ ಕಾಣುವ ಕಾಡು ಒಬ್ಬ ಸಾರಂಗ ಪಾಲಕನ ಕಣ್ಣಿಗೆ ಈ ವರ್ಷ ಮೇಯಿಸಬೇಕಾದ, ಮುಂದಿನ ವರ್ಷಕ್ಕೆ ಬಿಡಬೇಕಾದ, ಹವೆ ಕೆಟ್ಟರೆ ಆಸರೆಗೆಂದು ಕಾದಿರಿಸಿದ ತುಂಡುಗಳಾಗಿ ಕಾಣುತ್ತದೆ. ಈಚೆಗೆ ಹವೆ ಕೆಡುವುದೂ ಹೆಚ್ಚಾಗಿದೆ. ನಡುಚಳಿಗಾಲದಲ್ಲಿ ಮಳೆ ಬಿದ್ದು ಮರಳಿ ಹೆಪ್ಪುಗಟ್ಟಿದರೆ ಹಿಮದೊಳಗೆ ಮಂಜುಗಡ್ಡೆಯ ಪದರ ಕಟ್ಟಿಕೊಂಡು ಮೇವಿಗೆ ಬೀಗ ಹಾಕಿದಂತಾಗುತ್ತದೆ. ಆಗ ಮೇವು ಕೊಂಡು ತಂದು ಹಾಕದೆ ಬೇರೆ ದಾರಿಯಿಲ್ಲ.

ಈ ನೆಲವನ್ನು ಖಾಲಿ ಎಂದು ತಿಳಿದ ತಪ್ಪಿಗೆ ಹಳೆಯ ಇತಿಹಾಸವಿದೆ. 1634ರಲ್ಲಿ ನಾರ್ವೆಯ ಗಡಿಯ ಬಳಿಯ ನಾಸಾ ಬೆಟ್ಟದಲ್ಲಿ ಬೆಳ್ಳಿಯ ಅದಿರು ಪತ್ತೆಯಾಯಿತು. ಮೂವತ್ತು ವರ್ಷಗಳ ಯುದ್ಧದಲ್ಲಿ ಮುಳುಗಿದ್ದ ಸ್ವೀಡನ್ ದೊರೆತನಕ್ಕೆ ಹಣ ತುರ್ತಾಗಿ ಬೇಕಾಗಿತ್ತು. ಮರುವರ್ಷವೇ ಗಣಿ ಶುರುವಾಯಿತು. ಮರವೂ ಬೆಳೆಯದ ಎತ್ತರದಿಂದ ಸಿಲ್ಬೋಯೊಕ್ಕ್ ಎಂಬಲ್ಲಿಯ ಕುಲುಮೆಗೆ ಅದಿರನ್ನು ಸಾಗಿಸುವ ಕೆಲಸವನ್ನು ಸಾಮಿ ಕುಟುಂಬಗಳ ಮೇಲೆ, ಅವರ ಸಾರಂಗಗಳ ಬೆನ್ನಿನ ಮೇಲೆ ಹೇರಲಾಯಿತು. ಒಲ್ಲೆನೆಂದವರಿಗೆ ಶಿಕ್ಷೆ ಕಾದಿತ್ತು. ಹಲವು ಕುಟುಂಬಗಳು ಮಂದೆಯೊಂದಿಗೆ ಬೆಟ್ಟ ದಾಟಿ ನಾರ್ವೆಯ ಕಡೆಗೆ ಹೋಗಿಬಿಟ್ಟವು. 1659ರಲ್ಲಿ ನಾರ್ವೆಯಿಂದ ಬಂದ ಪಡೆ ಗಣಿಯನ್ನು ಸುಟ್ಟುಹಾಕಿತು. ಸಿಲ್ಬೋಯೊಕ್ಕಿನ ಹಳೆಯ ಸ್ಮಶಾನ ಇಂದು ಸೇದ್ವಾಯೌರೆ ಎಂಬ ಸರೋವರದ ದಡದಲ್ಲಿದೆ. ವಿದ್ಯುತ್ತಿಗಾಗಿ ಆ ಸರೋವರದ ಮಟ್ಟವನ್ನು ಏರಿಳಿಸುವುದರಿಂದ ದಡ ಕೊರೆದು, ಗಣಿಯ ಕಾಲದವರ ಎಲುಬುಗಳು ಹೊರಬಂದವು. ಪುರಾತತ್ತ್ವಜ್ಞರು ಅವನ್ನು ಅಗೆದು ಕಾಪಾಡಬೇಕಾಯಿತು. ಹದಿನೇಳನೆಯ ಶತಮಾನದ ಬೆಳ್ಳಿ ಮತ್ತು ಇಪ್ಪತ್ತನೆಯ ಶತಮಾನದ ವಿದ್ಯುತ್ತು ಒಂದೇ ದಡದಲ್ಲಿ ಎದುರಾಗುವ ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೆಳ್ಳಿ ಮುಗಿದ ಮೇಲೆ ದೊರೆತನ ನೆಲಕ್ಕೆ ಒಕ್ಕಲನ್ನು ಕರೆಯಿತು. 1673ರ ಘೋಷಣೆಯೊಂದು ಬೆಟ್ಟನಾಡಿಗೆ ಬಂದು ನೆಲೆಸುವವರಿಗೆ 15 ವರ್ಷ ತೆರಿಗೆಯ ವಿನಾಯಿತಿಯನ್ನೂ ಸೈನ್ಯದ ಕಡ್ಡಾಯ ಸೇವೆಯಿಂದ ಬಿಡುಗಡೆಯನ್ನೂ ಕೊಟ್ಟಿತು. ಅದೇ ಕಾಲದಲ್ಲಿ ಸಾಮಿ ಕುಟುಂಬಗಳು ತಮ್ಮ ತಮ್ಮ ನೆಲಕ್ಕೆ ದೊರೆಗೆ ಕಂದಾಯ ಕಟ್ಟುತ್ತಿದ್ದರು, ನ್ಯಾಯಾಲಯಗಳು ಆ ಹಿಡುವಳಿಯನ್ನು ಮಾನ್ಯಮಾಡುತ್ತಲೂ ಇದ್ದವು ಎಂಬುದನ್ನು ನೆನಪಿಡಬೇಕು. ಆಮೇಲಿನ ಕಾಲದಲ್ಲಿ ಆ ಮಾನ್ಯತೆ ಸವೆದು, ಬೆಟ್ಟನಾಡಿನ ಬಹುಭಾಗದ ಒಡೆತನ ಸರ್ಕಾರದ್ದೆಂದಾಯಿತು. 2020ರ ಜನವರಿಯಲ್ಲಿ ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯವು ಇನ್ನೂ ಉತ್ತರದ ಗಿರ್ಯಾಸ್ ಸಾಮೆಬೀಯ ಮೊಕದ್ದಮೆಯಲ್ಲಿ, ಆ ಪ್ರದೇಶದ ಬೆಟ್ಟಗಳಲ್ಲಿ ಸಣ್ಣ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿ ಕೊಡುವ ಹಕ್ಕು ಸರ್ಕಾರದ್ದಲ್ಲ, ತಲೆತಲಾಂತರದ ಬಳಕೆಯಿಂದ ಸಾಮೆಬೀಗೇ ಸೇರಿದ್ದು ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಗಿರ್ಯಾಸ್‌ಗೆ ಮಾತ್ರ ಅನ್ವಯಿಸುವುದಾದರೂ, ಬೆಟ್ಟನಾಡಿನ ಪ್ರತಿಯೊಂದು ಕಮ್ಯೂನಿನಲ್ಲೂ ಅದರ ಚರ್ಚೆ ಇಂದಿಗೂ ನಿಂತಿಲ್ಲ.

ಭಾಷೆಯ ಗತಿಯೂ ನೆಲದ ಗತಿಯಂತೆಯೇ ಆಗಿದೆ. ಆರ್ಯೆಪ್ಲೂಗ್ ಪೀಟೆ ಸಾಮಿ ಎಂಬ ಭಾಷೆಯ ತವರು. ಅದನ್ನು ಮಾತಾಡುವವರು ಈಗ ಕೆಲವು ಹತ್ತುಗಳಷ್ಟು ಜನ ಮಾತ್ರ. 2000ನೆಯ ಇಸವಿಯಿಂದ, ಈ ಕಮ್ಯೂನಿನಲ್ಲಿ ಸಾಮಿ ಭಾಷೆಯಲ್ಲಿ ಆಡಳಿತದೊಂದಿಗೆ ವ್ಯವಹರಿಸುವ ಹಕ್ಕಿಗೆ ಕಾನೂನಿನ ಬೆಂಬಲವಿದೆ. ಪೀಟೆ ಸಾಮಿಗೆ ಅಧಿಕೃತ ಬರವಣಿಗೆಯ ಕ್ರಮ ದೊರೆತದ್ದು 2019ರಲ್ಲಿ. ಇಂಥ ಭಾಷೆಗೆ ದೊಡ್ಡ ನಗರವೊಂದರ ಆಡಳಿತ ಎಷ್ಟು ಗಮನ ಕೊಡಬಲ್ಲದು? ಸಣ್ಣ ಕಮ್ಯೂನ್ ಉಳಿಯಬೇಕೆನ್ನುವುದಕ್ಕೆ ನನ್ನ ಪಾಲಿನ ಇನ್ನೊಂದು ಕಾರಣ ಇದು.

ಈಗ ದಾನದ ಮಾತಿಗೆ ಬರುತ್ತೇನೆ. ಸ್ವೀಡನ್ನಿನ ಅತಿ ಆಳದ ಸರೋವರವೆನಿಸಿದ ಹೂರ್ನಾವನ್ ಸುಮಾರು 220 ಮೀಟರ್ ಆಳವಿದೆ; ಅದು ಸೇರಿ ಶೆಲೆಫ್ಟಿಯೊ ನದಿಯ ಮೇಲ್ಭಾಗದ ಸರೋವರಗಳು ಇಂದು ಜಲಾಶಯಗಳು. ಬೇಸಗೆಯಲ್ಲಿ ಕರಗಿದ ಹಿಮವನ್ನು ಕೂಡಿಟ್ಟು, ಚಳಿಗಾಲದಲ್ಲಿ ದೇಶಕ್ಕೆ ವಿದ್ಯುತ್ತು ಹೆಚ್ಚು ಬೇಕಾದಾಗ ಬಿಡುತ್ತಾರೆ. ಸ್ವೀಡನ್ನಿನಲ್ಲಿ ಜಲವಿದ್ಯುತ್ ಸ್ಥಾವರಗಳ ಆಸ್ತಿ ತೆರಿಗೆ ಸೇರುವುದು ಕೇಂದ್ರ ಸರ್ಕಾರದ ಬೊಕ್ಕಸಕ್ಕೆ. ನದಿಯನ್ನು ಬಿಟ್ಟುಕೊಟ್ಟ ಕಮ್ಯೂನಿಗೆ ಅದರ ಪಾಲಿಲ್ಲ. ಗಡಿಯಾಚೆಯ ನಾರ್ವೆಯಲ್ಲಿ ಹಾಗಲ್ಲ. ಅಲ್ಲಿ ಆಸ್ತಿ ತೆರಿಗೆಯೂ, ಅಗ್ಗದ ದರದಲ್ಲಿ ಒಂದಿಷ್ಟು ವಿದ್ಯುತ್ತಿನ ಪಾಲೂ ಸ್ಥಳೀಯ ಆಡಳಿತಕ್ಕೇ ದೊರೆಯುವುದರಿಂದ, ಅಣೆಕಟ್ಟುಗಳಿರುವ ಎಷ್ಟೋ ಸಣ್ಣ ಬೆಟ್ಟನಾಡುಗಳು ಅನುಕೂಲವಾಗಿಯೇ ಇವೆ. ಲೈಸ್ವಾಲ್ ಎಂಬಲ್ಲಿ 1943ರಿಂದ 2001ರವರೆಗೆ ನಡೆದ ಸೀಸದ ಗಣಿ ಒಂದು ಕಾಲಕ್ಕೆ ಯುರೋಪಿನ ದೊಡ್ಡ ಸೀಸದ ಗಣಿಗಳಲ್ಲೊಂದಾಗಿತ್ತು. ಅದಿರು ಮುಗಿದಾಗ ಗಣಿ ಮುಚ್ಚಿತು, ಗಣಿಗಾಗಿಯೇ ಕಟ್ಟಿದ್ದ ಊರು ಬರಿದಾಗತೊಡಗಿತು. ಇಷ್ಟನ್ನೆಲ್ಲ ಕೊಟ್ಟ ನೆಲಕ್ಕೆ ಸಮೀಕರಣದ ಹಣ ಹೋದಾಗ ಅದನ್ನು ದಾನವೆನ್ನುವುದು ನ್ಯಾಯವಲ್ಲ.

ತಮ್ಮ ಮಗ ಹೋಗಿದ್ದ ಕೆಲಸವೂ ಈ ಲೆಕ್ಕಕ್ಕೆ ಸೇರುತ್ತದೆ. 1970ರ ದಶಕದಿಂದ ಕಾರು ತಯಾರಕರೂ ಬಿಡಿಭಾಗಗಳ ಕಂಪನಿಗಳೂ ಚಳಿಗಾಲದಲ್ಲಿ ಆರ್ಯೆಪ್ಲೂಗಿಗೆ ಬರುತ್ತಿದ್ದಾರೆ. ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕು 1978ರಲ್ಲಿ ಮಾರುಕಟ್ಟೆಗೆ ಬಂದಿತು. ಅಂಥ ವ್ಯವಸ್ಥೆಗಳನ್ನು ತಿದ್ದಿ ತೀಡಲು ಮಟ್ಟಸವಾದ, ವಿಶಾಲವಾದ, ತಿಂಗಳುಗಟ್ಟಲೆ ಕರಗದ ಜಾರುನೆಲ ಬೇಕು. ಹೆಪ್ಪುಗಟ್ಟಿದ ಸರೋವರ ಅದನ್ನು ಕೊಡುತ್ತದೆ. ಆದರೆ ಅದು ತಾನಾಗಿಯೇ ಸಿದ್ಧವಾಗುವುದಿಲ್ಲ. ಹಿಮ ಕಂಬಳಿಯಂತೆ ಮಂಜುಗಡ್ಡೆಯನ್ನು ಬೆಚ್ಚಗಿಡುವುದರಿಂದ ಅದನ್ನು ಮತ್ತೆ ಮತ್ತೆ ಗುಡಿಸಿ ತೆಗೆದರೆ ಮಾತ್ರ ಚಳಿ ಕೆಳಗಿಳಿದು ಗಡ್ಡೆ ದಪ್ಪವಾಗುತ್ತದೆ. ಮೊದಲು ಹಗುರ ವಾಹನ, ಆಮೇಲೆ ಭಾರದ್ದು, ನಡುನಡುವೆ ಕೊರೆದು ದಪ್ಪವನ್ನು ಅಳೆಯುವುದು, ಹೀಗೆ ಸ್ಥಳೀಯರ ಅನುಭವದ ಮೇಲೆ ಇಡೀ ಉದ್ಯಮ ನಿಂತಿದೆ. ಋತುವಿನಲ್ಲಿ ಎಷ್ಟೋ ಮನೆಯವರು ತಾವು ನೆಲಮಾಳಿಗೆಗೋ ಬಂಧುಗಳ ಮನೆಗೋ ಸರಿದು, ತಮ್ಮ ಮನೆಯನ್ನು ಎಂಜಿನಿಯರುಗಳಿಗೆ ಬಾಡಿಗೆಗೆ ಕೊಡುತ್ತಾರೆ. ಆ ತಿಂಗಳುಗಳಲ್ಲಿ ಊರಿನ ನೀರು, ಚರಂಡಿ, ಅಗ್ನಿಶಾಮಕ ದಳ, ಆರೋಗ್ಯ ಕೇಂದ್ರಗಳ ಮೇಲೆ ಬೀಳುವ ಹೊರೆ ನೋಂದಾಯಿತ 2,700 ಜನರದ್ದಕ್ಕಿಂತ ಬಹಳ ಹೆಚ್ಚು. ಸ್ಥಳೀಯ ಆದಾಯ ತೆರಿಗೆ ಮಾತ್ರ ಯಾರು ಎಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಂಡಿದ್ದಾರೋ ಅಲ್ಲಿಗೆ ಸೇರುತ್ತದೆ, ಕಂಪನಿಗಳ ಲಾಭದ ಮೇಲಿನ ತೆರಿಗೆ ಕೇಂದ್ರಕ್ಕೆ ಸೇರುತ್ತದೆ. ಹಾಗಾಗಿ 2,700 ಎಂಬ ಸಂಖ್ಯೆ ಅಲ್ಲಿ ಮಲಗುವ ವಿಳಾಸವುಳ್ಳವರನ್ನು ಎಣಿಸುತ್ತದೆಯೇ ಹೊರತು ಆ ನೆಲವನ್ನು ಬಳಸುವವರನ್ನಲ್ಲ.

ಮಗ ಮುಂದಿನ ಚಳಿಗಾಲವೂ ಹೋಗುವುದಾದರೆ, ಒಂದು ರಜೆಯ ದಿನ ಪಟ್ಟಣದ ಬೆಳ್ಳಿ ಸಂಗ್ರಹಾಲಯಕ್ಕೆ ಹೋಗಿಬರುವಂತೆ ಹೇಳಿ. 1922ರಲ್ಲಿ ವೈದ್ಯರಾಗಿ ಆರ್ಯೆಪ್ಲೂಗಿಗೆ ಬಂದ ಎಯ್ನಾರ್ ವಾಲ್‌ಕ್ವಿಸ್ಟ್ ನಲವತ್ತು ವರ್ಷ ಅಲ್ಲೇ ವೃತ್ತಿ ಮಾಡಿ, ದೂರದ ಬಿಡಾರಗಳಿಗೆ ರೋಗಿಗಳನ್ನು ನೋಡಲು ಹೋದಲ್ಲೆಲ್ಲ ಕಂಡ ಹಳೆಯ ವಸ್ತುಗಳನ್ನು ಜೋಪಾನವಾಗಿ ಕೂಡಿಸಿದರು. 1965ರಲ್ಲಿ ಅವು ಸಂಗ್ರಹಾಲಯವಾದವು. ಸಾಮಿ ಕುಟುಂಬಗಳು ತಲೆಮಾರುಗಳಿಂದ ತೊಟ್ಟ ಬೆಳ್ಳಿಯ ಕೊರಳಪಟ್ಟಿ, ಗುಂಡಿ, ಚಮಚಗಳು ಅಲ್ಲಿವೆ. ಹೋಗುವ ದಾರಿಯಲ್ಲಿ ಸಾರಂಗಗಳು ರಸ್ತೆಗೆ ಬಂದರೆ ಹಾರ್ನ್ ಮಾಡದೆ ಗಾಡಿ ನಿಲ್ಲಿಸಿ ಕಾಯಬೇಕೆಂದೂ, ಗುರುತು ಹಾಕಿದ ದಾರಿಯನ್ನು ಬಿಟ್ಟು ಸರೋವರದ ಮೇಲೆ ತಾನಾಗಿ ನಡೆಯಬಾರದೆಂದೂ ತಿಳಿಸಿ. ವಿದ್ಯುತ್ತಿಗೆಂದು ಕೆಳಗಿನ ನೀರನ್ನು ಬಿಡುತ್ತಿರುವ ಸರೋವರಗಳಲ್ಲಿ ದಡದ ಹತ್ತಿರದ ಮಂಜುಗಡ್ಡೆ ಟೊಳ್ಳಾಗಿ ಬಿರುಕುಬಿಟ್ಟಿರುತ್ತದೆ, ಮೇಲೆ ಹಿಮ ಮುಚ್ಚಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ.